ಪರ್ಮಿಟ್ ರೂಮಿನ ಕರಾವಳಿ ಕುಟುಂಬಗಳು

ಮುಂಬೈಯ ಪರ್ಮಿಟ್ ರೂಮ್ ಎಂದರೆ ಊಟದ ಹೋಟೆಲಿನೊಳಗೇ ಮದ್ಯಪಾನಕ್ಕೆಂದು ಬೇರ್ಪಡಿಸಿದ ಕೋಣೆ. ಇಂಥ ಬಹಳಷ್ಟು ಹೋಟೆಲುಗಳು ಉಡುಪಿ, ದಕ್ಷಿಣ ಕನ್ನಡ ಮೂಲದ ಕುಟುಂಬಗಳ ಕೈಯಲ್ಲಿವೆ. ಕುಡಿತ ತಡೆಯಲು ಬಂದ ಕಾನೂನೇ ಈ ಉದ್ಯಮಕ್ಕೆ ರೂಪ ಕೊಟ್ಟದ್ದು ಸ್ವಾರಸ್ಯ.

ಆ ಕಾನೂನು 1949ರ ಬಾಂಬೆ ಪಾನನಿರೋಧ ಕಾಯ್ದೆ. ಆಗ ಅಲ್ಲಿ ಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರ ಹಟದಿಂದ 1950ರಲ್ಲಿ ಆಗಿನ ಮುಂಬೈ ರಾಜ್ಯದಲ್ಲೆಲ್ಲ ಪಾನನಿರೋಧ ಜಾರಿಯಾಯಿತು. ಮರುವರ್ಷ, ಇದನ್ನು ಪ್ರಶ್ನಿಸಿದ ಬಲ್ಸಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಕುಡಿಯುವವರೇನೂ ನಿಲ್ಲಿಸಲಿಲ್ಲ, ಕಳ್ಳಭಟ್ಟಿ ಬೆಳೆಯಿತು, ಬಾಂದ್ರಾದ ಮನೆಗಳಲ್ಲಿ ‘ಆಂಟಿ’ಗಳ ಗುಟ್ಟಿನ ಅಡ್ಡೆಗಳು ಹುಟ್ಟಿಕೊಂಡವು. 1960ರ ದಶಕದಲ್ಲಿ ಸರ್ಕಾರ ಕಾಯ್ದೆಯನ್ನು ಉಳಿಸಿಕೊಂಡೇ ಹಿಡಿತ ಸಡಿಲಿಸಿತು. ಕುಡಿಯುವವನ ಬಳಿ ಪರ್ಮಿಟ್ ಇರಬೇಕು, ಕೂರಲು ಬೇರೆ ಕೋಣೆ ಬೇಕು. ಆ ಪರ್ಮಿಟ್ಟು ಇಂದಿಗೂ ಕಾನೂನಿನಲ್ಲಿದೆ, ಕೇಳುವವರು ಕಡಿಮೆ.

ಕರಾವಳಿಯವರು ಮುಂಬೈಗೆ ಹೊಸಬರಲ್ಲ. ಅಲ್ಲಿನ ಬಂಟರ ಸಂಘ 1927ರದು, ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಆದರೆ ಮಾಟುಂಗದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥವು ಅಪ್ಪಟ ಸಸ್ಯಾಹಾರದವು. ಮೀನಿನೂಟದ ಲಂಚ್ ಹೋಮುಗಳದು ಬೇರೆಯೇ ದಾರಿ. ಕರ್ನಾಟಕದ 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಗಳು ಒಕ್ಕಲುಗಳ ಪಾಲಾದಾಗ ಬಂಟರ ಮನೆಯ ಹುಡುಗರು ಇನ್ನಷ್ಟು ಸಂಖ್ಯೆಯಲ್ಲಿ ಮುಂಬೈ ಬಸ್ಸು ಹತ್ತಿದರು. ಫೋರ್ಟಿನಲ್ಲಿ ಕಚೇರಿ ನೌಕರರಿಗೆ ಮೀನೂಟ ಬಡಿಸುತ್ತಿದ್ದ ಮಹೇಶ್ ಲಂಚ್ ಹೋಮ್ 1970ರ ದಶಕದ್ದು. ಸಣ್ಣದಾಗಿ ಹುಟ್ಟಿದ ಅದು ಏಡಿ, ಗಸಿ (ತೆಂಗಿನಕಾಯಿ ಅರೆದ ಗಟ್ಟಿ ಸಾರು), ನೀರುದೋಸೆಗಳಿಂದ ಹೆಸರಾಗಿ ಜುಹುವಿಗೂ ಹಬ್ಬಿತು. ಕಾಲಾಘೋಡಾದ ತೃಷ್ಣಾ ಹೋಟೆಲು ಬೆಣ್ಣೆ-ಬೆಳ್ಳುಳ್ಳಿ ಏಡಿಗೆ ಪ್ರಸಿದ್ಧ.

ಸಾಮಾನ್ಯ ಪರ್ಮಿಟ್ ರೂಮಿಗೆ ಇಂಥ ಖ್ಯಾತಿಯಿಲ್ಲ. ಕೆಳಗೆ ಫ್ಯಾಮಿಲಿ ಸೆಕ್ಷನ್, ಮೇಲೆ ಮಂದ ಬೆಳಕಿನ ಏಸಿ ಕೋಣೆ. ಕ್ವಾರ್ಟರ್ ಜೊತೆ ನಂಚಿಕೊಳ್ಳಲು ಹುರಿಗಡಲೆ, ಸೌತೆಕಾಯಿಯ ಚಕಣಾ. ಹಸಿವಾದರೆ ಬಂಗುಡೆ ಫ್ರೈ, ಕೋರಿರೊಟ್ಟಿ. ಲಾಭ ಹೆಚ್ಚು ಪೆಗ್ಗಿನಲ್ಲಿ. ಗಿರಾಕಿಯನ್ನು ವರ್ಷಗಟ್ಟಲೆ ಕಟ್ಟಿಹಾಕುವುದು ಮಾತ್ರ ಗಸಿ.

ಗಲ್ಲೆಯಲ್ಲಿ ಮಾವ ಕೂತರೆ ಮಾರ್ಕೆಟ್ಟಿಗೆ ಅಳಿಯ ಹೋಗುವುದು ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಸಂತಾನದ ಮನೆಗಳಿಗೆ ಸಹಜವೇ ಆಗಿತ್ತು. ಕೆಲಸದ ಹುಡುಗರೂ ಊರಿನವರೇ. ಹಗಲು ಲೋಟ ತೊಳೆದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರಲ್ಲಿ ಕೆಲವರು ಮುಂದೆ ತಾವೇ ಹೋಟೆಲಿಟ್ಟರು. ಮಕ್ಕಳು ಬೇರೆ ಉದ್ಯೋಗ ಹಿಡಿದ ಮನೆಗಳು ಈಗ ಲೈಸೆನ್ಸನ್ನು ತಮ್ಮ ಹೆಸರಲ್ಲೇ ಇಟ್ಟುಕೊಂಡು ಹೋಟೆಲನ್ನು ‘ಕಂಡಕ್ಟಿಂಗ್’ಗೆ, ಅಂದರೆ ಬೇರೆಯವರು ನಡೆಸಲು, ಕೊಡುತ್ತವೆ. ಹಾಗೆ ನಡೆಸಲು ಬರುವವರೂ ಎಷ್ಟೋ ಸಲ ಕರಾವಳಿಯವರೇ.