ಒಂದು ಚಿಹ್ನೆ, ಎರಡು ಸಾಲು: ಕಾಂಪೋಸಿಟ್ ಪ್ರೊಫೈಲ್ ಮಾಪನದ ಒಳಗುಟ್ಟು

ಯಂತ್ರಭಾಗವೊಂದನ್ನು ಸ್ವೀಕರಿಸಬೇಕೇ, ತಿರಸ್ಕರಿಸಬೇಕೇ ಎಂಬ ಪ್ರಶ್ನೆಗೆ ನಿಖರ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಇಂದು ಉತ್ತರ ನೀಡುವುದು ಸಿಎಂಎಂ ಎಂದೇ ಪರಿಚಿತವಾಗಿರುವ ನಿರ್ದೇಶಾಂಕ ಮಾಪನ ಯಂತ್ರ. ಮಾಣಿಕ್ಯದ ಗುಂಡುತುದಿಯುಳ್ಳ ಪ್ರೋಬ್ ಭಾಗದ ಮೈಯನ್ನು ಮುಟ್ಟಿ ಬಿಂದುಗಳನ್ನು ದಾಖಲಿಸುತ್ತದೆ. ತಂತ್ರಾಂಶವು ಅವುಗಳನ್ನು ಮೂಲ ವಿನ್ಯಾಸದೊಡನೆ ಹೋಲಿಸಿ ತೀರ್ಪು ನೀಡುತ್ತದೆ. ಆದರೆ ಆ ತೀರ್ಪು ಎಷ್ಟು ನಂಬಲರ್ಹ ಎಂಬುದು, ಪ್ರೋಗ್ರಾಂ ಬರೆದವರು ಡ್ರಾಯಿಂಗನ್ನು ಹೇಗೆ ಅರ್ಥೈಸಿದ್ದಾರೆ ಎಂಬುದನ್ನೇ ಅವಲಂಬಿಸಿದೆ. ಈ ಅರ್ಥೈಸುವಿಕೆ ಹೆಚ್ಚಾಗಿ ಎಡವುವುದು ‘ಕಾಂಪೋಸಿಟ್ ಪ್ರೊಫೈಲ್’ ಟಾಲರೆನ್ಸ್‌ನಲ್ಲಿ.

ಬೆಂಗಳೂರಿನ ಪೀಣ್ಯ, ಬೆಳಗಾವಿ ಮೊದಲಾದೆಡೆ ವಿದೇಶಿ ಗ್ರಾಹಕರ ಡ್ರಾಯಿಂಗ್‌ಗಳಿಗೆ ಅನುಗುಣವಾಗಿ ಬಿಡಿಭಾಗ ತಯಾರಿಸುವ ಘಟಕಗಳಿಗೆ ಇದು ಕೇವಲ ಪಾರಿಭಾಷಿಕ ಚರ್ಚೆಯಲ್ಲ. ತಪ್ಪು ಪ್ರೋಗ್ರಾಂ ಒಳ್ಳೆಯ ಮಾಲನ್ನು ಗುಜರಿಗೆ ಕಳುಹಿಸಬಹುದು. ಕೆಟ್ಟ ಮಾಲನ್ನು ಗ್ರಾಹಕರ ಜೋಡಣಾ ಸಾಲಿಗೂ ತಲುಪಿಸಬಹುದು.

ಎರಡು ಸಾಲುಗಳ ಅರ್ಥ

ಅಮೆರಿಕದ ಎಎಸ್‌ಎಂಇ ವೈ14.5 ಮಾನಕದ ಪ್ರಕಾರ ಕಾಂಪೋಸಿಟ್ ಪ್ರೊಫೈಲ್‌ನಲ್ಲಿ ಪ್ರೊಫೈಲ್ ಚಿಹ್ನೆ ಒಂದೇ. ಅದರ ಮುಂದೆ ಎರಡು ಅಥವಾ ಹೆಚ್ಚು ಸಾಲುಗಳಿರುತ್ತವೆ. ಮೇಲಿನ ಸಾಲು 0.8 ಮಿ.ಮೀ., ಡೇಟಮ್‌ಗಳು ಎ, ಬಿ, ಸಿ. ಕೆಳಗಿನ ಸಾಲು 0.2 ಮಿ.ಮೀ., ಡೇಟಮ್ ಎ ಮಾತ್ರ ಎಂದಿಟ್ಟುಕೊಳ್ಳೋಣ. ಮೇಲಿನ ಸಾಲು ಮೇಲ್ಮೈ ಎಲ್ಲಿರಬೇಕೆಂಬುದನ್ನು ನಿಯಂತ್ರಿಸುತ್ತದೆ. ಕೆಳಗಿನ ಸಾಲಿನಲ್ಲಿ ಡೇಟಮ್‌ಗಳು ದಿಕ್ಕನ್ನಷ್ಟೇ ಬಿಗಿಹಿಡಿಯುತ್ತವೆ, ಸ್ಥಾನವನ್ನು ಹಿಡಿಯುವುದಿಲ್ಲ. ಅಂದರೆ 0.2 ಮಿ.ಮೀ. ಅಗಲದ ವಲಯವು ಸರಿಯಬಹುದು. ಆದರೆ ಡೇಟಮ್ ಎಗೆ ಓರೆಯಾಗುವಂತಿಲ್ಲ.

ಯಾವುದೇ ವಸ್ತುವಿಗೆ ಆರು ಬಗೆಯ ಚಲನ ಸ್ವಾತಂತ್ರ್ಯಗಳಿವೆ: ಮೂರು ಸರಿಯುವಿಕೆ, ಮೂರು ತಿರುಗುವಿಕೆ. ಕೆಳಗಿನ ಸಾಲಿಗಾಗಿ ತಂತ್ರಾಂಶವು ಮೂರೂ ಸರಿಯುವಿಕೆಗಳನ್ನು ಮುಕ್ತವಾಗಿರಿಸಿ, ಡೇಟಮ್‌ಗಳು ತಡೆಯುವ ತಿರುಗುವಿಕೆಗಳನ್ನು ಮಾತ್ರ ಬಂಧಿಸಬೇಕು. ಸಮತಲವಾದ ಡೇಟಮ್ ಎ ಒಂದೇ ಇದ್ದಲ್ಲಿ ಎರಡು ತಿರುಗುವಿಕೆಗಳು ಬಂಧಿತವಾಗುತ್ತವೆ. ಅದಕ್ಕೆ ಲಂಬವಾದ ಸಮತಲ ಬಿ ಸೇರಿದರೆ ಮೂರೂ ಬಂಧಿತ. ಪ್ರೋಗ್ರಾಮಿಂಗ್‌ನ ಸಾರವೆಲ್ಲ ಇಷ್ಟೇ.

ಲೆಕ್ಕದಲ್ಲಿ ನೋಡುವುದಾದರೆ

ಡೇಟಮ್ ಎಗೆ ಸಮಾನಾಂತರವಾಗಿರಬೇಕಾದ ಮೇಲ್ಮೈಯೊಂದರ ಮೇಲೆ ಸಮ ಅಂತರದ ನಾಲ್ಕು ಬಿಂದುಗಳಲ್ಲಿ +0.28, +0.30, +0.32, +0.34 ಮಿ.ಮೀ. ವ್ಯತ್ಯಾಸ ಕಂಡುಬಂದಿದೆ ಎನ್ನೋಣ. ವಲಯವು ವಿನ್ಯಾಸದ ಎರಡೂ ಬದಿಗೆ ಸಮನಾಗಿ ಹಂಚಿರುವಾಗ ಗರಿಷ್ಠ ವ್ಯತ್ಯಾಸದ ಇಮ್ಮಡಿಯೇ ಪ್ರೊಫೈಲ್ ಮೌಲ್ಯ. ಮೇಲಿನ ಸಾಲಿಗೆ ಅದು 0.68, ಮಿತಿ 0.8, ಆದ್ದರಿಂದ ಸ್ವೀಕೃತ. ಕೆಳಗಿನ ಸಾಲಿಗೆ ಮೇಲ್ಮೈಯನ್ನು 0.31ರಷ್ಟು ಸರಿಸಿದರೆ ಉಳಿಯುವ ಗರಿಷ್ಠ ವ್ಯತ್ಯಾಸ 0.03, ಮೌಲ್ಯ 0.06, ಇದೂ ಸ್ವೀಕೃತ. ಪ್ರೋಗ್ರಾಂ ಸರಿಯಲು ಬಿಡದಿದ್ದರೆ 0.68 ಅನ್ನು 0.2ರೊಡನೆ ಹೋಲಿಸಿ ಉತ್ತಮ ಭಾಗವನ್ನೇ ತಿರಸ್ಕರಿಸುತ್ತದೆ.

ವಿರುದ್ಧ ತಪ್ಪು ಇನ್ನೂ ಅಪಾಯಕಾರಿ. ವ್ಯತ್ಯಾಸಗಳು +0.15, +0.05, −0.05, −0.15 ಆಗಿದ್ದರೆ ಮೇಲ್ಮೈ ಓರೆಯಾಗಿದೆ ಎಂದರ್ಥ. ಸರಿಸಿ ಪ್ರಯೋಜನವಿಲ್ಲ, ಮೌಲ್ಯ 0.30, ತಿರಸ್ಕೃತ. ಆದರೆ ತಿರುಗುವಿಕೆಯನ್ನೂ ಮುಕ್ತವಾಗಿಟ್ಟ ‘ಬೆಸ್ಟ್ ಫಿಟ್’ ಆ ಓರೆಯನ್ನೇ ಅಳಿಸಿಹಾಕಿ ಸೊನ್ನೆ ತೋರಿಸುತ್ತದೆ. ಸೀಲ್ ಕೂರಬೇಕಾದ ಮುಖ ಓರೆಯಾಗಿಯೇ ಉಳಿಯುತ್ತದೆ. ವರದಿಯಲ್ಲಿ ಮಾತ್ರ ಹಸಿರು ಬಣ್ಣ ಕಾಣುತ್ತದೆ.

ಸುತ್ತಲೂ ಆವರಿಸಿದ ಆಕಾರವಾದರೆ ಮತ್ತೊಂದು ಅಂಶ ಗಮನಾರ್ಹ. ಕುಳಿಯೊಂದು ಎಲ್ಲ ಬದಿಗೂ 0.15ರಷ್ಟು ದೊಡ್ಡದಾಗಿದ್ದರೆ ಅದನ್ನು ಎತ್ತ ಸರಿಸಿದರೂ ಒಂದು ಗೋಡೆಗಾದ ಲಾಭ ಎದುರಿನ ಗೋಡೆಗೆ ನಷ್ಟ. ಆದ್ದರಿಂದ ಕೆಳಗಿನ ಸಾಲು ಆಕಾರದೊಡನೆ ಗಾತ್ರವನ್ನೂ ನಿಯಂತ್ರಿಸುತ್ತದೆ.

ಹೊಂದಿಸುವ ವಿಧಾನದ ಪ್ರಭಾವ

ಸರಿಸುವ ಪ್ರಮಾಣವನ್ನು ಲೀಸ್ಟ್ ಸ್ಕ್ವೇರ್ಸ್ ವಿಧಾನದಿಂದ ಕಂಡುಕೊಂಡರೆ ಫಲಿತಾಂಶ ಬದಲಾಗಬಹುದು. ವ್ಯತ್ಯಾಸಗಳು 0, 0, 0, 0.16 ಇದ್ದಲ್ಲಿ ಸರಾಸರಿ 0.04, ಉಳಿಯುವ ಗರಿಷ್ಠ ವ್ಯತ್ಯಾಸ 0.12, ಮೌಲ್ಯ 0.24, ತಿರಸ್ಕೃತ. ಗರಿಷ್ಠ ವ್ಯತ್ಯಾಸವನ್ನೇ ಕನಿಷ್ಠಗೊಳಿಸುವ ಮಿನ್‌ಮ್ಯಾಕ್ಸ್ ವಿಧಾನ 0.08ರಷ್ಟು ಸರಿಸಿ 0.16 ಎನ್ನುತ್ತದೆ, ಸ್ವೀಕೃತ. ಬಿಂದುಗಳೆಲ್ಲವೂ ವಲಯದೊಳಗೆ ಕೂರಬಲ್ಲವೇ ಎಂಬುದೇ ಮಾನಕದ ಪ್ರಶ್ನೆಯಾದ್ದರಿಂದ ಎರಡನೆಯದೇ ಸೂಕ್ತ.

ಹೋಲಿಕೆಯಿಂದ ಮೋಸ

ಎರಡು ಸಾಲುಗಳಿಗೂ ಪ್ರತ್ಯೇಕ ಪ್ರೊಫೈಲ್ ಚಿಹ್ನೆಯಿದ್ದರೆ ಅದು ಕಾಂಪೋಸಿಟ್ ಅಲ್ಲ. ಆಗ ಕೆಳಗಿನ ಸಾಲಿನ ಡೇಟಮ್ ಎ ಸ್ಥಾನವನ್ನೂ ಬಂಧಿಸುತ್ತದೆ. ಮೊದಲ ಉದಾಹರಣೆಯ ಭಾಗ ನಿಜವಾಗಿಯೂ ತಿರಸ್ಕೃತವಾಗುತ್ತದೆ. ಇನ್ನು ಐಎಸ್‌ಒ ಪದ್ಧತಿಯಲ್ಲಿ ಪ್ರತಿ ಸಾಲೂ ಸ್ವತಂತ್ರ. ದಿಕ್ಕನ್ನಷ್ಟೇ ಬಂಧಿಸಬೇಕಾದಲ್ಲಿ ಡೇಟಮ್ ಅಕ್ಷರದ ಬಳಿ ಎದುರುಬದುರು ಬಾಣತುದಿಗಳಂತಿರುವ ‘><’ ಚಿಹ್ನೆಯನ್ನು ಬಳಸಲು 2011ರ ಐಎಸ್‌ಒ 5459 ಅವಕಾಶ ನೀಡಿದೆ. ಆದ್ದರಿಂದ ಡ್ರಾಯಿಂಗ್ ಯಾವ ಮಾನಕಕ್ಕೆ, ಯಾವ ವರ್ಷದ ಆವೃತ್ತಿಗೆ ಬದ್ಧವೆಂಬುದನ್ನು ಶೀರ್ಷಿಕೆ ಚೌಕದಲ್ಲಿ ಮೊದಲು ಓದಬೇಕು.

ಅನುಸರಿಸಬೇಕಾದ ಕ್ರಮ

ಕೆಳಗಿನ ಸಾಲಿನ ಡೇಟಮ್‌ಗಳು ಮೇಲಿನ ಸಾಲಿನ ಅನುಕ್ರಮವನ್ನೇ ಪುನರಾವರ್ತಿಸಿವೆಯೇ ಎಂದು ಪರಿಶೀಲಿಸಬೇಕು. ಎರಡೂ ಸಾಲುಗಳ ಫಲಿತಾಂಶವನ್ನು ವರದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಒಂದರ ಉತ್ತೀರ್ಣತೆ ಮತ್ತೊಂದರ ಕೊರತೆಯನ್ನು ತುಂಬಲಾರದು. ತಂತ್ರಾಂಶದ ಹೊಸ ಆವೃತ್ತಿ ಅಳವಡಿಸಿದಾಗ ಅಥವಾ ಪ್ರೋಗ್ರಾಂ ಹೊಸದಾಗಿದ್ದಾಗ, ಮೇಲಿನಂತಹ ಸರಳ ಅಂಕಿಗಳನ್ನು ಉಣಿಸಿ ಉತ್ತರ ತಾಳೆಯಾಗುತ್ತದೆಯೇ ಎಂದು ನೋಡುವುದು ಜಾಣತನ. ಓರೆಯಾದ ಮೇಲ್ಮೈಗೆ ಸೊನ್ನೆ ತೋರಿಸುವ ಪ್ರೋಗ್ರಾಂ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತದೆ. ಅದೇ ದೋಷ ಗ್ರಾಹಕರ ಅಂಗಳದಲ್ಲಿ ಪತ್ತೆಯಾದರೆ ತೆರಬೇಕಾದ ಬೆಲೆ ಇಡೀ ಲಾಟಿನದು.