ನೆಲಕ್ಕಿಳಿದ ಚೆಲ್ಲೊ

ಸಿನಿಮಾದಲ್ಲಿ ಅಗಲಿಕೆಯ ದೃಶ್ಯ ಬಂದಾಗ ಹಿನ್ನೆಲೆಯಲ್ಲಿ ಒಂದು ತಂತಿವಾದ್ಯ ತಗ್ಗಿದ ದನಿಯಲ್ಲಿ ಎಳೆದೆಳೆದು ನುಡಿಯುತ್ತದೆ. ವಯಲಿನ್ ಇರಬೇಕು ಅಂದುಕೊಂಡು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ಚೆಲ್ಲೊ. ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಟಾಕೀಸಿನ ಬೆಂಚಿನ ಮೇಲೆ ಕೂತವರೆಲ್ಲ ಆ ದನಿ ಕೇಳಿದ್ದಾರೆ, ವಾದ್ಯವನ್ನು ಕಣ್ಣಾರೆ ಕಂಡವರು ಮಾತ್ರ ವಿರಳ. ಅದನ್ನೇ ಬದುಕಾಗಿಸಿಕೊಂಡು, ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸುವ ಕಲಾವಿದೆಯೊಬ್ಬರು ಕನ್ನಡನಾಡಿನ ಸಂಗೀತದ ಮನೆಯೊಂದಕ್ಕೆ ಸೊಸೆಯಾಗಿ ಬಂದಿದ್ದಾರೆ ಎಂಬ ಸಂಗತಿ ನಮ್ಮ ಕಡೆ ಇನ್ನೂ ಹರಡಿಲ್ಲ. ಅವರು ಸಾಸ್ಕಿಯಾ ರಾವ್–ಡಿ ಹಾಸ್.

ಹುಟ್ಟಿದ್ದು 1971ರಲ್ಲಿ, ನೆದರ್‌ಲೆಂಡ್ಸ್‌ನಲ್ಲಿ. ಬಾಲ್ಯದಲ್ಲೇ ಚೆಲ್ಲೊ ಕೈಗೆ ಬಂತು, ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲೇ ಪಾಠವಾಯಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನಾಂಗೀಯ ಸಂಗೀತಶಾಸ್ತ್ರ ಓದುವಾಗ ಭಾರತದ ರಾಗಗಳು ಸೆಳೆದವು. ರಾಟರ್‌ಡ್ಯಾಮ್‌ನಲ್ಲಿ ಪಂಡಿತ್ ಹರಿಪ್ರಸಾದ್ ಚೌರಾಸಿಯಾ ಅವರ ಶಿಷ್ಯತ್ವ, 1990ರ ದಶಕದಲ್ಲಿ ದೆಹಲಿಗೆ ಬಂದು ಆಗ್ರಾ ಪರಂಪರೆಯ ಗಾಯಕಿ ಸುಮತಿ ಮುತಾಟ್ಕರ್ ಅವರಲ್ಲಿ ಕಲಿಕೆ. ಗುರುಗಳಲ್ಲಿ ಒಬ್ಬರು ಕೊಳಲಿನವರು, ಇನ್ನೊಬ್ಬರು ಗಾಯಕಿ. ಇಬ್ಬರೂ ಚೆಲ್ಲೊ ಮುಟ್ಟಿದವರಲ್ಲ. ಈ ಕಲಾವಿದೆಯ ವೃತ್ತಿಜೀವನದ ತಿರುಳು ನನಗೆ ಕಾಣುವುದು ಇಲ್ಲೇ. ಗುರು ಹಾಡಿದ್ದನ್ನು, ಊದಿದ್ದನ್ನು ಕಿವಿಯಲ್ಲಿ ಹಿಡಿದು, ಅದಕ್ಕೆ ಬೆರಳು ಎಲ್ಲಿಡಬೇಕು, ಬಿಲ್ಲು ಯಾವಾಗ ತಿರುಗಿಸಬೇಕು ಎಂಬುದನ್ನು ತಾವೇ ಕಂಡುಕೊಳ್ಳಬೇಕಿತ್ತು. ಅವರ ಮುಂದೆ ಸಿದ್ಧ ದಾರಿ ಇರಲಿಲ್ಲ.

ಪತಿ ಶುಭೇಂದ್ರ ರಾವ್ ಸಿತಾರ್ ವಾದಕರು, ಪಂಡಿತ್ ರವಿಶಂಕರ್ ಅವರ ಶಿಷ್ಯರು. ಶುಭೇಂದ್ರರ ತಂದೆ ಎನ್.ಆರ್. ರಾಮರಾವ್ ಅವರೂ ರವಿಶಂಕರ್ ಅವರಲ್ಲೇ ಸಿತಾರ್ ಕಲಿತವರು. ಕರ್ನಾಟಕ ಸಂಗೀತವೇ ಉಸಿರಾಗಿದ್ದ ಹಳೆ ಮೈಸೂರು ಸೀಮೆಯಲ್ಲಿ ಸಿತಾರ್ ಹಿಡಿದ ಮನೆತನ ಅದು. ಅಂಥ ಮನೆಗೆ ಡಚ್ ಹೆಣ್ಣುಮಗಳು ಚೆಲ್ಲೊ ಸಮೇತ ಬಂದರು. ದಂಪತಿ ದೆಹಲಿಯಲ್ಲಿ ನೆಲೆಸಿ ಸಿತಾರ್–ಚೆಲ್ಲೊ ಜುಗಲ್‌ಬಂದಿಯಲ್ಲಿ ದೇಶವಿದೇಶ ಸುತ್ತುತ್ತಾರೆ. ಸಿತಾರ್ ಮೀಟಿದರೆ ನಾದ ಹುಟ್ಟಿದ ಗಳಿಗೆಯಿಂದಲೇ ಕರಗತೊಡಗುತ್ತದೆ, ಚೆಲ್ಲೊ ಬಿಲ್ಲು ಓಡುವಷ್ಟು ಹೊತ್ತೂ ನಿಲ್ಲುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದನ್ನು ಆಲಾಪದಲ್ಲಿ ಕೇಳಬೇಕು.

ವಾದ್ಯದ ಮೈಕಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪೂರ್ಣ ಅಳತೆಯ ಚೆಲ್ಲೊ ಸುಮಾರು ನಾಲ್ಕು ಅಡಿ ಎತ್ತರ. ಕೆಳಗೊಂದು ಲೋಹದ ಕಡ್ಡಿ ನೆಲಕ್ಕೆ ಊರಿಕೊಳ್ಳುತ್ತದೆ, ವಾದಕರು ಕುರ್ಚಿಯ ಮೇಲೆ ಕೂತು ಮೊಣಕಾಲುಗಳ ನಡುವೆ ಹಿಡಿಯುತ್ತಾರೆ. ನುಡಿಯುವ ತಂತಿಯ ಉದ್ದ ಸುಮಾರು 69 ಸೆಂಟಿಮೀಟರ್, ವಯಲಿನ್‌ನಲ್ಲಿ 33 ಇದ್ದರೆ ಹೆಚ್ಚು. ಹೀಗಾಗಿ ತೆರೆದ ತಂತಿಯ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಹೋಗಲು ವಯಲಿನ್‌ನಲ್ಲಿ ಬೆರಳು ಮೂರೂವರೆ ಸೆಂಟಿಮೀಟರ್ ಜಾರಿದರೆ ಸಾಕು, ಚೆಲ್ಲೊದಲ್ಲಿ ಏಳೂವರೆ ಜಾರಬೇಕು. ಪಾಶ್ಚಾತ್ಯ ಪದ್ಧತಿಯಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಬೆರಳು ಬೀಳುವುದೇ ಹೆಚ್ಚು, ಅಲ್ಲಿ ಈ ದೂರ ದೊಡ್ಡ ತೊಡಕಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಎಳೆಯುವವರಿಗೆ ಹಾಗಲ್ಲ, ಇಡೀ ತೋಳೇ ಪಯಣ ಮಾಡಬೇಕು. ಆದರೆ ಆ ಉದ್ದ ದಾರಿಯಲ್ಲಿ ಎರಡು ಸ್ವರಗಳ ನಡುವಿನ ಸೂಕ್ಷ್ಮ ಶ್ರುತಿಗಳೆಲ್ಲ ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತವೆ. ಕಷ್ಟವೂ ಅಲ್ಲೇ, ಸುಖವೂ ಅಲ್ಲೇ.

ಸಾಸ್ಕಿಯಾ ಕುರ್ಚಿ ಬಿಟ್ಟು ನೆಲಕ್ಕೆ ಕೂತರು. ಅದಕ್ಕೆ ತಕ್ಕಂತೆ ವಾದ್ಯವೂ ಬದಲಾಗಬೇಕಾಯಿತು. ಡಚ್ ವಾದ್ಯ ತಯಾರಕ ಎಡ್ವರ್ಡ್ ವಾನ್ ಟೊಂಗರನ್ ಅವರ ಜೊತೆ ಸೇರಿ ಗಾತ್ರ ಕಿರಿದಾಗಿಸಿ, ನುಡಿಸುವ ತಂತಿಗಳನ್ನು ನಾಲ್ಕರಿಂದ ಐದಕ್ಕೆ ಏರಿಸಿ, ಹತ್ತು ತರಬ್ ತಂತಿಗಳನ್ನು ಕೂಡಿಸಿದರು. ತರಬ್ ತಂತಿಗಳನ್ನು ಯಾರೂ ಮುಟ್ಟುವುದಿಲ್ಲ, ಮೇಲಿನ ತಂತಿ ನುಡಿದಾಗ ಅದೇ ಸ್ವರಕ್ಕೆ ಶ್ರುತಿ ಮಾಡಿದ ತಂತಿ ತಾನಾಗಿ ಮಿಡಿಯುತ್ತದೆ. ಸಾರಂಗಿ, ಸಿತಾರ್ ಕೇಳಿದವರಿಗೆ ಆ ಅನುರಣನದ ಪರಿಚಯವಿದೆ. ಇದನ್ನೇ ಇಂದು ಭಾರತೀಯ ಚೆಲ್ಲೊ ಎನ್ನುತ್ತಾರೆ.

ಇಂಥ ಮಾರ್ಪಾಡು ನಮ್ಮ ನಾಡಿಗೆ ಹೊಸದೇನಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರನ್ನು ನೆನೆಯದೆ ಈ ಮಾತು ಮುಂದೆ ಹೋಗದು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು ಪಿಟೀಲು ಹಿಡಿದ ಕಾಲಕ್ಕೆ ಧ್ವನಿವರ್ಧಕ ಇರಲಿಲ್ಲ. ಸಭೆಯ ಹಿಂದಿನ ಸಾಲಿಗೂ ಪಿಟೀಲು ಮುಟ್ಟಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ಸೇರಿಸಿದರು, ಜೋಡಿ ತಂತಿಗಳನ್ನು ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿ ಮಾಡಿದರು. ಒಂದೇ ಬಿಲ್ಲಿಗೆ ಎರಡು ಸ್ಥಾಯಿ ಒಟ್ಟಿಗೆ ಎದ್ದವು, ನಾದಕ್ಕೆ ತೂಕ ಬಂತು. ಏಳು ತಂತಿಯನ್ನು ಶುದ್ಧವಾಗಿ ಶ್ರುತಿಯಲ್ಲಿಡುವುದೇ ಒಂದು ಸಾಧನೆ. ಮದ್ರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ನೀಡಿತು, 1967ರಲ್ಲಿ ಅವರು ತೀರಿಕೊಂಡರು. ಚೌಡಯ್ಯನವರಿಗೆ ಬೇಕಾಗಿದ್ದ ಆ ಘನ ನಾದವೇ ಚೆಲ್ಲೊಗೆ ಹುಟ್ಟಿನಿಂದ ಬಂದದ್ದು. ಅದರ ಅತಿ ಕೆಳಗಿನ ತಂತಿ ವಯಲಿನ್‌ನ ಅತಿ ಕೆಳಗಿನ ತಂತಿಗಿಂತ ಒಂದೂವರೆ ಸ್ಥಾಯಿಯಷ್ಟು ಕೆಳಗಿದೆ, ಗಂಡುದನಿಯ ಮಂದ್ರವನ್ನು ಅದು ನಿರಾಯಾಸವಾಗಿ ಮುಟ್ಟುತ್ತದೆ.

ಪಾಶ್ಚಾತ್ಯ ವಾದ್ಯಗಳ ಜೊತೆ ಮೈಸೂರು ಅರಮನೆಯ ಸಖ್ಯ ಎಷ್ಟು ಗಾಢವಾಗಿತ್ತು ಎಂಬುದೂ ಇಲ್ಲಿ ಹೇಳಬೇಕಾದ್ದೇ. ಹಿರಿಯೂರಿನವರು ದಿನಾ ನೆನೆಯುವ ವಾಣಿವಿಲಾಸ ಸಾಗರ, ಅಂದರೆ 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆ, ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರಿನದು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವತಃ ಹಲವು ವಾದ್ಯ ನುಡಿಸಬಲ್ಲವರು. ಅವರ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದ ಇತ್ತು, ಅದನ್ನು ಜರ್ಮನಿಯ ಆಟೊ ಸ್ಮಿತ್ ನಡೆಸುತ್ತಿದ್ದರು. ನಂತರ ಬಂದ ಜಯಚಾಮರಾಜ ಒಡೆಯರ್ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಹಣ ಹೂಡಿದರು, ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದರು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಎರಡು ಸಂಗೀತವೂ ಒಂದೇ ಮನಸ್ಸಿನಲ್ಲಿ ಹಿಡಿಸಿದ ನಾಡಿದು.

ಚೆಲ್ಲೊದಲ್ಲಿ ರಾಗ ನುಡಿಸಿದವರು ಸಾಸ್ಕಿಯಾ ಒಬ್ಬರೇ ಅಲ್ಲ. ಅಮೆರಿಕದ ನ್ಯಾನ್ಸಿ ಲೆಶ್ ರುದ್ರವೀಣೆಯ ಉಸ್ತಾದ್ ಜಿಯಾ ಮೊಹಿಯುದ್ದೀನ್ ಡಾಗರ್ ಅವರಲ್ಲಿ, ಆಮೇಲೆ ಜಿಯಾ ಫರೀದುದ್ದೀನ್ ಡಾಗರ್ ಅವರಲ್ಲಿ ಕಲಿತು ಇದೇ ವಾದ್ಯದಲ್ಲಿ ಧ್ರುಪದ್ ನುಡಿಸಿದರು. ಅವರೂ ನೆಲದ ಮೇಲೆ ಕೂತೇ ನುಡಿಸಿದವರು. ಹಾಗಿದ್ದೂ ನುಡಿಸುವವರ ಸಂಖ್ಯೆ ಬೆರಳೆಣಿಕೆಯಷ್ಟೇ. ವಯಲಿನ್ ದಕ್ಷಿಣದ ಕಛೇರಿಗೆ ಬಂದು ಎರಡು ಶತಮಾನವಾಯಿತು, ಊರೂರಿಗೂ ಮೇಷ್ಟ್ರು ಸಿಕ್ಕರು. ಚೆಲ್ಲೊಗೆ ಇನ್ನೂ ಆ ಭಾಗ್ಯವಿಲ್ಲ.

ಸಾಸ್ಕಿಯಾರಿಗೆ ಇದರ ಅರಿವಿದೆ. ಪ್ರಶಸ್ತಿ, ಸನ್ಮಾನಗಳ ಪಟ್ಟಿಗಿಂತ ಅವರ ಬೋಧನೆಯ ಕೆಲಸ ನನಗೆ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೇ. ಶುಭೇಂದ್ರರ ಜೊತೆ ಸೇರಿ ಶಾಲಾ ಮಕ್ಕಳಿಗೆಂದೇ 'ಸಂಗೀತ್ ಫಾರ್ ಆಲ್' ಎಂಬ ಪಠ್ಯಕ್ರಮ ರೂಪಿಸಿದ್ದಾರೆ. ಪುಟ್ಟ ಮಕ್ಕಳು ಹಾಡಿನ ಮೂಲಕ, ಆಟದ ಮೂಲಕ ಸ್ವರ–ತಾಳ ಹಿಡಿಯುವ ಕ್ರಮ ಅದು. ಕಛೇರಿ ಮಾಡಿ ಹೆಸರು ಗಳಿಸಿದವರು ಬಾಲವಾಡಿಯ ವಯಸ್ಸಿನವರಿಗೆ ಪಾಠ ಬರೆಯಲು ಕೂರುವುದು ಅಪರೂಪ.

ಇದೆಲ್ಲ ನಮ್ಮ ಜಿಲ್ಲೆಗೇಕೆ ಎಂದು ಕೇಳುವವರಿರಬಹುದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ಸಣ್ಣ ಊರಿನಲ್ಲಿ ಬಯಲು ರಂಗಮಂದಿರವಿದೆ, ರಂಗಶಾಲೆಯಿದೆ, ಪ್ರತಿವರ್ಷ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಬಂದು ಕಿಕ್ಕಿರಿದು ಕೂರುತ್ತಾರೆ. ಚಿತ್ರದುರ್ಗದಲ್ಲಿ ಆಕಾಶವಾಣಿ ಕೇಂದ್ರವಿದೆ. ಹೊಸತನ್ನು ಕೂತು ಕೇಳುವ ತಾಳ್ಮೆ ಇಲ್ಲಿನ ಪ್ರೇಕ್ಷಕರಿಗೆ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ದೊಡ್ಡ ಊರುಗಳ ಸಭಾಂಗಣಗಳಲ್ಲಿ ಮಾತ್ರ ಕೇಳಸಿಗುವ ವಾದ್ಯ ಒಂದು ಸಂಜೆ ಇಲ್ಲಿಗೂ ಬರಲಿ. ಕಛೇರಿಗೆ ಮುನ್ನ ಮಕ್ಕಳನ್ನು ವೇದಿಕೆಯ ಬಳಿ ಬಿಟ್ಟು, ತರಬ್ ತಂತಿ ತಾನಾಗಿ ಮಿಡಿಯುವುದನ್ನು ಬೆರಳಿಟ್ಟು ನೋಡಲು ಬಿಡಲಿ. ಉತ್ಸವ ಸಮಿತಿಗಳಲ್ಲಿರುವ ಸಂಗೀತಪ್ರಿಯರು ಮುಂದಿನ ಸಭೆಯಲ್ಲೇ ಈ ಹೆಸರನ್ನು ಪ್ರಸ್ತಾಪಿಸಿ, ದೆಹಲಿಗೊಂದು ಕರೆಯೋಲೆ ಕಳಿಸಲಿ.