ಮಡಿಕೇರಿಯ ಅಪ್ಪ, ನಮ್ಮೂರ ಅಜ್ಜ

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಮಂಚದ ಕೆಳಗಿದ್ದ ಮಿಲ್ಟ್ರಿ ಟ್ರಂಕು ತೆಗೆದೆವು. ಕಪ್ಪು ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ ಅವರ ನಂಬರು. ಒಳಗೆ ಪಿಂಚಣಿ ಪುಸ್ತಕ, ಎರಡು ಮೆಡಲ್ಲು, ಹೊಲದ ಪಹಣಿ, ಶೇಂಗಾ ಮಾರಿದ ಹಳೇ ಚೀಟಿಗಳು. ತಳದಲ್ಲಿ ಪೇಪರಿನಿಂದ ಕತ್ತರಿಸಿಟ್ಟ ಒಂದು ಫೋಟೋ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದ್ದು.

ದೊಡ್ಡಪ್ಪ ಅವರನ್ನು ಕಂಡವರೇ ಅಲ್ಲ. ಕಾರ್ಯಪ್ಪನವರು ನಿವೃತ್ತರಾದದ್ದು 1953ರಲ್ಲಿ. ದೊಡ್ಡಪ್ಪ ಭರ್ತಿಯಾದದ್ದು 1962ರ ಚೀನಾ ಯುದ್ಧ ಮುಗಿದ ಮೇಲೆ. ಆದರೂ ಅವರ ಬಾಯಲ್ಲಿ ಯಾವಾಗಲೂ ‘ನಮ್ಮ ಸಾಹೇಬ್ರು’. ಯಾಕೆ ಅಂತ ಕೇಳಿದರೆ ಒಂದೇ ಕಥೆ ಹೇಳೋರು. ಅದನ್ನು ಆಮೇಲೆ ಹೇಳುತ್ತೇನೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ನಂಬಿ ಶೇಂಗಾ ಹಾಕುವವರು ನಾವು. ಮುಂಗಾರು ಕೈಕೊಟ್ಟ ವರ್ಷ ಬೀಜದ ದುಡ್ಡೂ ಹುಟ್ಟುವುದಿಲ್ಲ. ನಾಲ್ಕು ಎಕರೆ ಹೊಲ, ಹತ್ತಿಪ್ಪತ್ತು ಕುರಿ, ತಿಂಗಳು ತಿಂಗಳು ಬರುವ ಪಿಂಚಣಿ, ಇಷ್ಟರಲ್ಲೇ ದೊಡ್ಡಪ್ಪ ತಮ್ಮ ಮಕ್ಕಳ ಜೊತೆಗೆ ನಮ್ಮನ್ನೂ ದಡ ಸೇರಿಸಿದರು. ಬೆಳೆ ವಿಮೆ ಅನ್ನೋ ಮಾತು ಕಿವಿಗೆ ಬೀಳುವುದಕ್ಕೆ ಮೊದಲು ನಮ್ಮ ಮನೆಗೆ ಅದೇ ವಿಮೆ.

ಈಗ ಕಾರ್ಯಪ್ಪನವರ ವಿಚಾರ. ಕೊಡಂದೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ಬೇಸಾಯದ ಮನೆತನ, ತಂದೆ ಕಂದಾಯ ಇಲಾಖೆಯಲ್ಲಿ ನೌಕರಿ. ಮಡಿಕೇರಿಯಲ್ಲಿ ಓದು, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1919ರಲ್ಲಿ ಬ್ರಿಟಿಷರು ಭಾರತೀಯರನ್ನು ಅಧಿಕಾರಿಗಳಾಗಿ ತೆಗೆದುಕೊಂಡ ಮೊದಮೊದಲ ತಂಡದಲ್ಲೇ ಇವರೂ ಇದ್ದರು. 1942ರಲ್ಲಿ ಒಂದು ಬೆಟಾಲಿಯನ್ನಿಗೆ ಮುಖ್ಯಸ್ಥರಾದರು, ಆ ಜಾಗಕ್ಕೆ ಬಂದ ಮೊದಲ ಭಾರತೀಯ. ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದ ಯುದ್ಧದಲ್ಲಿ ಪಶ್ಚಿಮದ ಸೇನೆಯ ಹೊಣೆ ಹೊತ್ತರು. 1949ರ ಜನವರಿ 15ರಂದು, ಸಂಕ್ರಾಂತಿ ಆಸುಪಾಸಿನಲ್ಲಿ, ಇಂಗ್ಲಿಷ್ ಜನರಲ್‌ನ ಕೈಯಿಂದ ಇಡೀ ಸೈನ್ಯದ ಅಧಿಕಾರ ಅವರಿಗೆ ಬಂತು. ಇವತ್ತಿಗೂ ಆ ದಿನವೇ ಸೇನಾ ದಿನ.

ಅವರ ಹಿಂದಿ ಅಷ್ಟಕ್ಕಷ್ಟೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜವಾನರ ಮುಂದೆ ನಿಂತು, ‘ನೀವೂ ಸ್ವತಂತ್ರರು, ದೇಶವೂ ಸ್ವತಂತ್ರ’ ಅನ್ನಲು ಹೋಗಿ ‘ಮುಫ್ತ್’ ಅಂದುಬಿಟ್ಟರಂತೆ. ಮುಫ್ತ್ ಅಂದರೆ ಪುಕ್ಕಟೆ! ದೊಡ್ಡಪ್ಪ ಇದನ್ನು ಹೇಳಿ ಹೇಳಿ ನಗೋರು. ಅವರ ಹಿಂದಿಯೂ ಅದೇ ಮಟ್ಟದ್ದು, ಅದು ಬೇರೆ ಮಾತು.

ಮನೆಯ ಕಡೆ ಕಾರ್ಯಪ್ಪನವರದ್ದು ಸುಖದ ದಾರಿಯಲ್ಲ. 1937ರಲ್ಲಿ ಮದುವೆ, ಮಗ ನಂದಾ, ಮಗಳು ನಳಿನಿ. 1945ರಲ್ಲಿ ಗಂಡಹೆಂಡಿರು ದೂರವಾದರು. ಮೂರು ವರ್ಷಕ್ಕೆ ಹೆಂಡತಿ ಅಪಘಾತದಲ್ಲಿ ತೀರಿಹೋದರು. ಮಗನಿಗೆ ಹತ್ತು ವರ್ಷ, ಮಗಳಿಗೆ ಐದು. ಅತ್ತ ಕಾಶ್ಮೀರದಲ್ಲಿ ಯುದ್ಧ. ಗುಂಡಿನ ಸದ್ದಿನ ನಡುವೆ ತಾಯಿಯಿಲ್ಲದ ಮಕ್ಕಳ ಚಿಂತೆ ಹೊತ್ತು ತಿರುಗಿದ ಮನುಷ್ಯ ಅವರು. ಮುದ್ದು ಮಾಡಿ ಬೆಳೆಸಿದವರಲ್ಲ. ದಿಲ್ಲಿಯಲ್ಲಿ ಒಂದು ದಿನ ಶಾಲೆಯ ಗಾಡಿ ಬರಲಿಲ್ಲ ಅಂತ ಸಹಾಯಕ ಅಧಿಕಾರಿಯೊಬ್ಬರು ಹುಡುಗನನ್ನು ಸರ್ಕಾರಿ ಕಾರಲ್ಲಿ ಕರೆತಂದರು. ಸುದ್ದಿ ತಿಳಿದ ತಂದೆ ಆ ಅಧಿಕಾರಿಗೆ ಬೈದು, ಕಾರಿನ ಖರ್ಚಿಗೆ ಬಿಲ್ಲು ಮಾಡಿಸಿ ತಮ್ಮ ಲೆಕ್ಕದಿಂದ ಕಟ್ಟಿದರು. ಇದನ್ನು ಮಗನೇ ಹೇಳಿಕೊಂಡಿದ್ದಾರೆ. ಹತ್ತು ವರ್ಷದ ಹುಡುಗನಿಗೆ ಅದು ಅತಿಯಾಯಿತು ಅಂತ ನನಗನ್ನಿಸುತ್ತದೆ. ದೊಡ್ಡಪ್ಪ ಒಪ್ಪುತ್ತಿರಲಿಲ್ಲ.

ಇನ್ನು ಆ ಕಥೆ. 1965ರ ಸೆಪ್ಟೆಂಬರು. ದೊಡ್ಡಪ್ಪ ಪಂಜಾಬಿನ ಗಡಿಯಲ್ಲಿ. ಇಲ್ಲಿ ಶೇಂಗಾ ಕಾಯಿ ಕಟ್ಟಿ ನಿಂತ ಹೊತ್ತು. ನಾನಿನ್ನೂ ತೊಟ್ಟಿಲ ಕೂಸು, ಅಮ್ಮ ಹೇಳಿದ್ದು ಇದು. ಒಂದೂವರೆ ತಿಂಗಳಿಂದ ಕಾಗದವಿಲ್ಲ. ಅಜ್ಜ ಹೊಲದಿಂದ ಬಂದವನೇ ಊರ ಮುಂದಿನ ಕಟ್ಟೆ ಮೇಲೆ ಕೂತು ಅಂಚೆಯವನ ದಾರಿ ಕಾಯೋನು. ಅಂಚೆಯವನು ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನೋನು. ಯಾರನ್ನು ಕೇಳಬೇಕು? ಯಾರ ಪರಿಚಯ ಇತ್ತು ನಮಗೆ?

ಅದೇ ಹೊತ್ತಿನಲ್ಲಿ ಮಡಿಕೇರಿಯಲ್ಲಿ ಇನ್ನೊಬ್ಬ ಅಪ್ಪ. ಮಗ ನಂದಾ ವಾಯುಸೇನೆಯ ಪೈಲಟ್. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನವೂ ಇಲ್ಲ ಅನ್ನುವಾಗ, ಅವರ ಹಂಟರ್ ವಿಮಾನಕ್ಕೆ ಗುಂಡು ಬಿತ್ತು. ಹಾರಿಕೊಂಡು ಜೀವ ಉಳಿಸಿಕೊಂಡರು, ಬೆನ್ನುಮೂಳೆಗೆ ಪೆಟ್ಟಾಯಿತು, ಪಾಕಿಸ್ತಾನದವರ ಕೈಗೆ ಸಿಕ್ಕಿಬಿದ್ದರು.

ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ಒಡೆಯುವ ಮೊದಲು ವಾಯವ್ಯ ಗಡಿಯ ಬನ್ನು ಬ್ರಿಗೇಡಿನಲ್ಲಿ ಇದೇ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೇ ಸಾಹೇಬರ ಮಗ ಅಂತ ಗೊತ್ತಾದದ್ದೇ ತಡ, ಮಗ ಕ್ಷೇಮ ಅಂತ ತಿಳಿಸಿದರು, ಬೇಕಿದ್ದರೆ ಬಿಟ್ಟುಕೊಡುವ ಮಾತೂ ಬಂತು. ಕಾರ್ಯಪ್ಪನವರು ಒಲ್ಲೆ ಅಂದರು. ಅವನೀಗ ನನ್ನೊಬ್ಬನ ಮಗನಲ್ಲ, ದೇಶದ ಮಗ. ಸೆರೆಯಲ್ಲಿರುವ ಅಷ್ಟೂ ಜವಾನರು ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ಉತ್ತರದ ಸಾರ.

ಅಯೂಬ್ ಖಾನರ ಹೆಂಡತಿ ಮತ್ತು ಮಗ ರಾವಲ್ಪಿಂಡಿಯ ಆಸ್ಪತ್ರೆಗೆ ಹೋಗಿ ನಂದಾ ಅವರನ್ನು ಮಾತಾಡಿಸಿ, ಓದಲು ಪುಸ್ತಕ ಕೊಟ್ಟು ಬಂದರು. ಶತ್ರು ಅಂದರೂ ಮನುಷ್ಯರೇ ತಾನೆ. ನಂದಾ ಅವರ ಬಿಡುಗಡೆ ಆದದ್ದು 1966ರ ಜನವರಿ 22ಕ್ಕೆ. ಸರಿಯಾಗಿ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಅವರಪ್ಪನೂ ಕಾದರು, ಹೆಸರಿಲ್ಲದ ಎಷ್ಟೋ ಹಳ್ಳಿಯ ಅಪ್ಪಂದಿರ ಹಾಗೇ.

‘ನಮ್ಮಪ್ಪ ಕಟ್ಟೆ ಮೇಲೆ ಕೂತು ಕಾಯುವಾಗ ಸಾಹೇಬ್ರು ಸರತಿ ಬಿಟ್ಟು ಮುಂದೆ ನುಗ್ಗಲಿಲ್ಲ ಕಣಪ್ಪ’ ಅನ್ನೋರು ದೊಡ್ಡಪ್ಪ. ಅವರ ಕಾಗದ ಅಜ್ಜನಿಗೆ ತಲುಪಿದ್ದು ದೀಪಾವಳಿ ಹತ್ತಿರ ಬಂದಾಗ. ಅಷ್ಟರಲ್ಲಿ ಶೇಂಗಾ ಕಿತ್ತು ಮುಗಿದಿತ್ತು.

ನಿವೃತ್ತಿಯ ನಂತರ ಕಾರ್ಯಪ್ಪನವರು ಆಸ್ಟ್ರೇಲಿಯಾದಲ್ಲಿ ನಮ್ಮ ದೇಶದ ಹೈಕಮಿಷನರ್ ಆಗಿ 1956ರವರೆಗೆ ಇದ್ದು, ಮಡಿಕೇರಿಯ ‘ರೋಶನಾರಾ’ ಮನೆಗೆ ಬಂದು ನೆಲೆಸಿದರು. 1971ರಲ್ಲಿ ಲೋಕಸಭೆಗೆ ನಿಂತು ಸೋತರು. ಅದು ಅವರಿಗೆ ಒಗ್ಗುವ ಕಣವಾಗಿರಲಿಲ್ಲ. ನಮ್ಮಂಥವರಿಗೆ ಮುಖ್ಯವಾದದ್ದು ಬೇರೆ: 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್ ಸರ್ವೀಸಸ್ ಲೀಗ್ ಕಟ್ಟಿದರು. ಬಂದೂಕು ಇಳಿಸಿ ಹಳ್ಳಿಗೆ ಬಂದ ಜವಾನನಿಗೆ ಕಚೇರಿಯಲ್ಲಿ ಬಾಯಿ ಬರುವುದಿಲ್ಲ. ಅರ್ಜಿ ಬರೆಯಲು, ಪಿಂಚಣಿ ಸರಿಪಡಿಸಲು ಜೊತೆಗೆ ಒಬ್ಬರು ಬೇಕು. ಪಹಣಿಗೆ ಅಲೆದ ರೈತನಿಗೆ ಇದು ಅರ್ಥವಾಗುತ್ತದೆ.

1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಾಗ ಅವರಿಗೆ 87 ವರ್ಷ. ಕಾಲ್ಬೆರಳಿನ ನೋವು, ಮನೆಯಲ್ಲಿ ಚಪ್ಪಲಿಯಲ್ಲೇ ಓಡಾಟ. ಆದರೂ ಸಮಾರಂಭಕ್ಕೆ ಬೂಟು ತೊಟ್ಟರು, ಊರುಗೋಲು ಬೇಡ ಅಂದರು, ಕುರ್ಚಿ ಕೊಟ್ಟರೂ ಕೂರದೆ ನಿಂತೇ ಗೌರವ ಪಡೆದರು. 1993ರ ಮೇ 15ರಂದು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು, 94 ವರ್ಷ ತುಂಬಿತ್ತು. ಅಂತ್ಯಕ್ರಿಯೆ ನಡೆದದ್ದು ಮಡಿಕೇರಿಯಲ್ಲಿ. ಏರ್ ಮಾರ್ಷಲ್ ಆಗಿ ನಿವೃತ್ತರಾದ ಮಗ ನಂದಾ ಅವರೇ ಆಮೇಲೆ ತಂದೆಯ ಜೀವನಚರಿತ್ರೆ ಬರೆದರು.

ನಮ್ಮ ಮನೆಯಲ್ಲಿ ದೊಡ್ಡಪ್ಪನ ಮೊಮ್ಮಗ ಈಗ ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಓಡುತ್ತಿದ್ದಾನೆ, ಅಗ್ನಿವೀರ್ ಭರ್ತಿಗೆ. 2022ರಲ್ಲಿ ಬಂದ ಈ ಪದ್ಧತಿಯಲ್ಲಿ ಸೇವೆ ನಾಲ್ಕೇ ವರ್ಷ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಒಂದಿಷ್ಟು ಇಡಿಗಂಟು, ಪಿಂಚಣಿ ಇಲ್ಲ. ಆ ಗಂಟನ್ನು ಬೋರ್‌ವೆಲ್‌ಗೆ ಸುರಿಯಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ. ಮೊನ್ನೆ ಟ್ರಂಕು ಕೇಳಿದ. ಕೊಟ್ಟೆ. ಫೋಟೋ ಮಾತ್ರ ದೊಡ್ಡಮ್ಮ ಕೊಡಲಿಲ್ಲ, ಗೋಡೆಗೆ ಹಾಕಿಸಿದ್ದಾರೆ.